ಖರ್ಚಿನ ವಹಿಯಲ್ಲಿ ಬರೆಯದ ಖರ್ಚು

ಜೋಳ, ಉಳ್ಳಾಗಡ್ಡಿ, ಕಡಲೆ ಬೆಳೆಯುವವರಿಗೆ ಅರ್ಥಶಾಸ್ತ್ರದ ನಾಲ್ಕು ಮಾತು

ಸುಗ್ಗಿ ಮುಗಿದ ಮೇಲೆ ನಿಮ್ಮ ಮನೆಯ ಖರ್ಚಿನ ವಹಿಯನ್ನು ಒಮ್ಮೆ ತೆರೆದು ನೋಡಿರಿ. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಟ್ರ್ಯಾಕ್ಟರ್ ಬಾಡಿಗೆ ಇಷ್ಟು, ಕಳೆ ತೆಗೆದ ಆಳುಗಳಿಗೆ ಇಷ್ಟು ಎಂದು ಬರೆದಿರುತ್ತೀರಿ. ವಹಿ ಇಡದವರು ಇಷ್ಟನ್ನು ಬಾಯಿಲೆಕ್ಕದಲ್ಲಾದರೂ ಇಟ್ಟಿರುತ್ತಾರೆ. ಆದರೆ ಆ ವಹಿಯಲ್ಲಿ ಕಾಣುವುದು ಕಿಸೆಯಿಂದ ಹೊರಗೆ ಬಿದ್ದ ರೊಕ್ಕ ಮಾತ್ರ. ಕಿಸೆಯಿಂದ ಹೋಗದೆ ಇದ್ದರೂ ಖರ್ಚಾದದ್ದು ಬಹಳ ಇರುತ್ತದೆ. ಅದನ್ನು ಹಿಡಿದು ನೋಡುವ ವಿದ್ಯೆಗೆ ಅರ್ಥಶಾಸ್ತ್ರ ಎನ್ನುತ್ತಾರೆ. ಕಾಲೇಜಿನ ಹುಡುಗರು ಇದನ್ನು ಮೊದಲ ವರ್ಷದಲ್ಲಿ ಓದಿ ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಾರೆ. ನಿಜವಾಗಿ ಇದು ಬೇಕಾದದ್ದು ಶಿರೂರಿನ ಎರೆ ಹೊಲದ ಬದುವಿನ ಮೇಲೆ ನಿಂತು, ಈ ಹಂಗಾಮಿಗೆ ಏನು ಬಿತ್ತಲಿ ಎಂದು ಯೋಚಿಸುವವನಿಗೆ.

ಈ ಲೇಖನದಲ್ಲಿ ಲೆಕ್ಕ ಬಂದಲ್ಲೆಲ್ಲ ಅಂಕಿಗಳು ಉದಾಹರಣೆಗಾಗಿ ಹಾಕಿದವು. ನಿಮ್ಮ ಹೊಲದ ಇಳುವರಿ, ನಿಮ್ಮ ಊರ ಕೂಲಿ, ನಿಮ್ಮ ಪೇಟೆಯ ಧಾರಣೆ ನಿಮಗೇ ಗೊತ್ತು. ಅವನ್ನು ಹಾಕಿ ಮತ್ತೊಮ್ಮೆ ಕೂಡಿ ಕಳೆಯಿರಿ.

ಮನೆಯ ಆಳಿಗೆ ಪಗಾರ ಯಾರು ಕೊಡುತ್ತಾರೆ?

ಒಂದು ಎಕರೆ ಹಿಂಗಾರಿ ಬಿಳಿಜೋಳ ತೆಗೆದುಕೊಳ್ಳೋಣ. ಬೀಜ, ಗೊಬ್ಬರ, ಬಾಡಿಗೆ, ಕಟಾವಿನ ಕೂಲಿ, ರಾಶಿಯ ಯಂತ್ರ ಎಲ್ಲ ಕೂಡಿ 9,300 ರೂಪಾಯಿ ಕೈಯಿಂದ ಹೋಯಿತು ಎನ್ನಿರಿ. ಆರು ಕ್ವಿಂಟಲ್ ಕಾಳು ಬಂತು. ಕ್ವಿಂಟಲಿಗೆ 3,000ದಂತೆ 18,000 ರೂಪಾಯಿ. ಕಣಕಿಗೆ 4,000. ಒಟ್ಟು 22,000 ಬಂತು, 9,300 ಹೋಯಿತು, ಉಳಿದದ್ದು 12,700. ರೈತ ಮೀಸೆಯ ಮೇಲೆ ಕೈಯಾಡಿಸುತ್ತಾನೆ.

ಈಗ ವಹಿಯಲ್ಲಿ ಬರೆಯದ್ದನ್ನು ನೋಡೋಣ. ಬಿತ್ತುವುದು, ಎಡೆ ಹೊಡೆಯುವುದು, ಹಕ್ಕಿ ಕಾಯುವುದು, ರಾಶಿ ಮಾಡುವುದು ಎಂದು ಗಂಡ ಹೆಂಡತಿ ಇಬ್ಬರೂ ಸೇರಿ 25 ಆಳಿನ ಕೆಲಸ ಮಾಡಿದ್ದಾರೆ. ಹೊರಗೆ ಹೋಗಿದ್ದರೆ ಆಳಿಗೆ 300 ರೂಪಾಯಿಯಂತೆ 7,500 ಸಿಗುತ್ತಿತ್ತು. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ 6,000 ಬರುತ್ತಿತ್ತು. ಎರಡೂ ಕೂಡಿ 13,500. ಅಂದರೆ 12,700ರ ಲಾಭ ಎಂದುಕೊಂಡದ್ದು ನಿಜದಲ್ಲಿ 800 ರೂಪಾಯಿ ಕೊರತೆ.

ಹಿರಿಯರು ಇಲ್ಲಿ ತಡೆಯುತ್ತಾರೆ: ‘ಅಲ್ಲೋ ತಮ್ಮಾ, ಮನಿ ಆಳಿಗೆ ಯಾವಾಗರ ಯಾರರ ಪಗಾರ ಕೊಟ್ಟಾರೇನು? ನಮ್ಮ ಹೊಲಕ್ಕ ನಾವ ಲಾವಣಿ ಕೊಡೂದಂದ್ರ ಏನು ಮಾತು!’ ಮಾತು ಸರಿಯೇ, ಯಾರೂ ಕೊಡುವುದಿಲ್ಲ. ಆದರೆ ಒಂದು ಕೆಲಸ ಮಾಡುವಾಗ ಮತ್ತೊಂದನ್ನು ಬಿಡಬೇಕಾಗುತ್ತದೆ. ಹಾಗೆ ಬಿಟ್ಟ ಕೆಲಸಗಳಲ್ಲಿ ಯಾವುದು ಹೆಚ್ಚು ತರುತ್ತಿತ್ತೋ ಅದೇ ಈ ಕೆಲಸದ ನಿಜವಾದ ಖರ್ಚು. ಇದಕ್ಕೆ ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’ ಎಂಬ ಹೆಸರಿದೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತಲ್ಲ, ಅದರಲ್ಲಿ ಈ ಲೆಕ್ಕ ಅಡಗಿತ್ತು. ಇಂದು ನಿಮ್ಮ ಹೊಲದಲ್ಲಿ ನಾನು ಒಂದು ದಿನ ದುಡಿದರೆ, ನಾಳೆ ನನ್ನ ಹೊಲದಲ್ಲಿ ನೀವು ಒಂದು ದಿನ ದುಡಿಯಬೇಕು. ರೊಕ್ಕ ಕೈ ಬದಲಾಗಲಿಲ್ಲ. ಆದರೆ ದಿನಕ್ಕೆ ಬೆಲೆ ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ.

ಹಾಗಾದರೆ ಜೋಳ ಬಿಡಬೇಕೇ? ಅವಸರ ಬೇಡ. ಅವಕಾಶ ವೆಚ್ಚ ಎಂದರೆ ನಿಜವಾಗಿ ಇದ್ದ ಅವಕಾಶದ ಬೆಲೆ. ಹಕ್ಕಿ ಕಾಯುವ ದಿನಗಳಲ್ಲಿ ಊರಲ್ಲಿ ಬೇರೆ ಕೆಲಸವೇ ಇರದಿದ್ದರೆ ಆ ದಿನದ ಖರ್ಚನ್ನು 300 ಎಂದು ಹಿಡಿಯುವುದು ತಪ್ಪು. ಮನೆಯಲ್ಲಿ ಮಗ್ಗ ಇದ್ದರೆ ಲೆಕ್ಕವೇ ಬೇರೆ. ಗುಳೇದಗುಡ್ಡದ ಖಣ, ಇಳಕಲ್ಲ ಸೀರೆ ನೇಯುವ ಮನೆಗಳಲ್ಲಿ ಹೊಲಕ್ಕೆ ಹೋದ ದಿನ ಮಗ್ಗ ನಿಲ್ಲುತ್ತದೆ. ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಬಲ್ಲ ಹರೆಯದ ಮಗ ಊರಲ್ಲಿ ಉಳಿದರೆ, ಅವನ ದಿನದ ಬೆಲೆ ಅಲ್ಲಿಯ ಕೂಲಿಯಲ್ಲಿ ಹೋಗಿ ಬರುವ ಮತ್ತು ಉಣ್ಣುವ ಖರ್ಚು ಕಳೆದು ಉಳಿದಷ್ಟು. ಎಪ್ಪತ್ತರ ಅಜ್ಜನ ದಿನಕ್ಕೂ ಅದೇ ಬೆಲೆ ಕಟ್ಟಿದರೆ ಲೆಕ್ಕ ಸುಳ್ಳಾಗುತ್ತದೆ. ಕಣಕಿಯ ಬೆಲೆಯೂ ಹೀಗೆಯೇ. ಮನೆಯಲ್ಲಿ ದನಗಳಿದ್ದು ನೀವು ಜೋಳ ಬಿತ್ತದಿದ್ದರೆ ಬೇಸಿಗೆಯಲ್ಲಿ ಮೇವನ್ನು ಕೊಂಡು ತರಬೇಕು. ಆಗ ಕಣಕಿಗೆ ಸುಗ್ಗಿಯಲ್ಲಿ ಮಾರುವ ಬೆಲೆಯನ್ನಲ್ಲ, ಬೇಸಿಗೆಯಲ್ಲಿ ಕೊಳ್ಳುವ ಬೆಲೆಯನ್ನು ಹಾಕಬೇಕು. ಹಾಗೆ ಹಾಕಿದರೆ ಮೇಲಿನ 800ರ ಕೊರತೆ ಅನೇಕ ಮನೆಗಳಲ್ಲಿ ಮಾಯವಾಗುತ್ತದೆ. ಇನ್ನು ಮನೆಯ ರೊಟ್ಟಿಗೆ ಬೇಕಾದ ಜೋಳವನ್ನು ಪೇಟೆಯಿಂದ ತರುವಾಗ ಕೊಡುವ ದರ ಎಷ್ಟು ಎಂಬುದನ್ನು ಮನೆಯವರನ್ನೇ ಕೇಳಿರಿ.

ಸರಕಾರದ ಲೆಕ್ಕ

ನಾವು ವಹಿಯಲ್ಲಿ ಬರೆಯದ್ದನ್ನು ಸರಕಾರ ಬರೆಯುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1965ರಲ್ಲಿ ಕೇಂದ್ರ ಸರಕಾರ ಕೃಷಿ ಬೆಲೆ ಆಯೋಗವನ್ನು ನೇಮಿಸಿತು. 1985ರಲ್ಲಿ ಅದರ ಹೆಸರು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂದಾಯಿತು. ಬೆಂಬಲ ಬೆಲೆಯ ಶಿಫಾರಸು ಮಾಡುವುದು ಈ ಆಯೋಗವೇ. ಖರ್ಚನ್ನು ಅದು ಮುಖ್ಯವಾಗಿ ಮೂರು ಹಂತದಲ್ಲಿ ಕೂಡುತ್ತದೆ. ಕೈಯಿಂದ ಹೋದ ಖರ್ಚು, ಲಾವಣಿಗೆ ಪಡೆದ ಹೊಲದ ಬಾಡಿಗೆ ಸಹಿತ, ಮೊದಲನೆಯದು. ಇದಕ್ಕೆ ‘ಎ2’ ಎನ್ನುತ್ತಾರೆ. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಎರಡನೆಯದು. ಸ್ವಂತ ಹೊಲದ ಬಾಡಿಗೆ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿ ಪೂರ್ತಿ ಕೂಡಿದರೆ ಮೂರನೆಯದು, ಇದು ‘ಸಿ2’.

2018-19ರ ಮುಂಗಡಪತ್ರದಲ್ಲಿ ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಕೊಡುವುದಾಗಿ ಸಾರಿದಾಗ ಎದ್ದ ತಕರಾರು ಇಲ್ಲಿಯೇ. ಯಾವ ಖರ್ಚಿನ ಒಂದೂವರೆ ಪಟ್ಟು? ಸರಕಾರ ಹಿಡಿದದ್ದು ಎರಡನೆಯದನ್ನು. ರೈತ ಸಂಘಟನೆಗಳು ಕೇಳುತ್ತ ಬಂದದ್ದು ಮೂರನೆಯದನ್ನು. 2025-26ರಲ್ಲಿ ಜೋಳದ ಖರ್ಚನ್ನು ಎರಡನೆಯ ರೀತಿಯಲ್ಲಿ ಕ್ವಿಂಟಲಿಗೆ 2,466 ರೂಪಾಯಿ ಎಂದು ಹಿಡಿದರು. ಅದರ ಒಂದೂವರೆ ಪಟ್ಟು 3,699 ಹೈಬ್ರಿಡ್ ಜೋಳದ ಬೆಂಬಲ ಬೆಲೆ ಆಯಿತು. ನಮ್ಮ ಮಾಲದಂಡಿಗೆ 3,749. ಸ್ವಂತ ಹೊಲದ ಬಾಡಿಗೆ ಇದರಲ್ಲಿ ಬಂದಿಲ್ಲ ಎಂಬುದನ್ನು ನೀವು ಈಗ ನೀವಾಗಿಯೇ ಹೇಳಬಲ್ಲಿರಿ. ಪತ್ರಿಕೆಯಲ್ಲಿ ‘ಖರ್ಚಿನ ಮೇಲೆ ಐವತ್ತು ಪ್ರತಿಶತ’ ಎಂಬ ಮಾತು ಬಂದಾಗಲೆಲ್ಲ ‘ಯಾವ ಖರ್ಚು?’ ಎಂದು ಕೇಳುವುದು ಒಳ್ಳೆಯದು. ಇನ್ನೊಂದು ಮಾತು: ಆಯೋಗದ ಖರ್ಚು ಬೇರೆ ಬೇರೆ ರಾಜ್ಯಗಳ ಸರಾಸರಿ. ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಬೀಳುವ ನಮ್ಮ ಸೀಮೆಯ ಹೊಲದ ಖರ್ಚು ಆ ಸರಾಸರಿಯೇ ಆಗಿರಬೇಕೆಂದಿಲ್ಲ.

ಖರ್ಚಿನಲ್ಲಿ ಮತ್ತೊಂದು ವಿಂಗಡಣೆ ಉಂಟು. ಬಿತ್ತಿದರೂ ಬಿತ್ತದಿದ್ದರೂ ಆಗುವ ಖರ್ಚು ಒಂದು, ಬಿತ್ತಿದಷ್ಟಕ್ಕೆ ಆಗುವ ಖರ್ಚು ಇನ್ನೊಂದು. ಎತ್ತುಗಳು ವರ್ಷವಿಡೀ ತಿನ್ನುತ್ತವೆ. ನಾಲ್ಕು ಎಕರೆ ಹರಗಿದರೂ ಅಷ್ಟೇ, ಹದಿನಾಲ್ಕು ಎಕರೆ ಹರಗಿದರೂ ಅಷ್ಟೇ. ಟ್ರ್ಯಾಕ್ಟರಿನ ಕಂತು ಇನ್ನೂ ನಿಷ್ಠುರ. ವರ್ಷಕ್ಕೆ 1,50,000 ಕಂತು ಕಟ್ಟುವವನ ಟ್ರ್ಯಾಕ್ಟರ್ ಸಾವಿರ ತಾಸು ಓಡಿದರೆ ತಾಸಿಗೆ ಕಂತಿನ ಭಾರ 150 ರೂಪಾಯಿ. ಮುನ್ನೂರು ತಾಸು ಓಡಿದರೆ 500. ಊರಲ್ಲಿ ನಾಲ್ಕು ಇದ್ದಲ್ಲಿ ಹತ್ತು ಟ್ರ್ಯಾಕ್ಟರ್ ಬಂದರೆ ಪ್ರತಿಯೊಂದಕ್ಕೂ ಸಿಗುವ ತಾಸು ಕಡಿಮೆಯಾಗುತ್ತದೆ, ಬಾಡಿಗೆ ದರವೂ ಇಳಿಯುತ್ತದೆ, ಕಂತು ಮಾತ್ರ ಇಳಿಯುವುದಿಲ್ಲ. ಟ್ರ್ಯಾಕ್ಟರ್ ಕೊಳ್ಳುವ ಮೊದಲು ನಿಮ್ಮ ಹೊಲ ಎಷ್ಟೆಂದು ಎಣಿಸಿದರೆ ಸಾಲದು. ಊರಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರುಗಳಿವೆ ಎಂದೂ ಎಣಿಸಿರಿ.

ಇಂಥ ಸ್ಥಿರ ಖರ್ಚು ಎಷ್ಟು ಸುಡಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ಮಲಪ್ರಭೆಯ ಸೀಮೆಯೇ ಸಾಕ್ಷಿ. ಕಾಲುವೆ ಬಂತು, ಜೋಳದ ಹೊಲಗಳಲ್ಲಿ 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿ ನಿಂತಿತು. ಬೀಜ, ಗೊಬ್ಬರ, ಔಷಧದ ಖರ್ಚು ಏರಿತು. ಮುಂದೆ ಹತ್ತಿಯ ಧಾರಣೆ ಕುಸಿಯಿತು. ಆದರೆ ಅಭಿವೃದ್ಧಿ ಕರ, ಅಂದರೆ ನೀರು ಬಂದು ಹೊಲದ ಬೆಲೆ ಹೆಚ್ಚಿತೆಂದು ಹಾಕಿದ ಕರ, ಧಾರಣೆಯನ್ನು ಕೇಳುವಂಥದಲ್ಲ. ನೀರು ಹೊಲಕ್ಕೆ ಮುಟ್ಟಿದೆಯೇ ಎಂದೂ ಕೇಳುವಂಥದಲ್ಲ. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರಿನಲ್ಲಿ ಜೀವಗಳು ಹೋದವು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಆ ಚಳವಳಿಯ ರಾಜಕೀಯವನ್ನು ಬಹಳ ಜನ ಬರೆದಿದ್ದಾರೆ. ಅದರ ಅಡಿಯಲ್ಲಿ ಇದ್ದದ್ದು, ಆದಾಯ ಇಳಿಯುವಾಗ ಇಳಿಯದ ಖರ್ಚಿನ ಲೆಕ್ಕ.

ಉಳ್ಳಾಗಡ್ಡಿ: ಕೀಳಲೋ ಬಿಡಲೋ

ಈಗ ಮುಖ್ಯ ವಿಷಯಕ್ಕೆ ಬರೋಣ. ಜೋಳದಲ್ಲಿ ಸೋತವನು ಸ್ವಲ್ಪ ಸೋಲುತ್ತಾನೆ. ಉಳ್ಳಾಗಡ್ಡಿಯಲ್ಲಿ ಸೋತವನು ಹೊಲವನ್ನೇ ಒತ್ತೆ ಇಡಬೇಕಾಗುತ್ತದೆ.

ಒಂದು ಎಕರೆಗೆ ಬೀಜ, ಗೊಬ್ಬರ, ಕಳೆ, ಔಷಧ ಎಂದು ಈವರೆಗೆ 36,000 ಹಾಕಿದ್ದೀರಿ. ಹೊಲದಲ್ಲಿ 60 ಕ್ವಿಂಟಲ್ ಗಡ್ಡಿ ಇದೆ. ಕಿತ್ತು, ಕೊಯ್ದು, ಆರಿಸಿ, ಚೀಲ ತುಂಬಿ, ಲಾರಿ ಬಾಡಿಗೆ, ಹಮಾಲಿ ಕೊಟ್ಟು ಪೇಟೆ ಮುಟ್ಟಿಸಲು ಕ್ವಿಂಟಲಿಗೆ ಇನ್ನೂ 400, ಅಂದರೆ 24,000 ಬೇಕು. ಒಟ್ಟು 60,000; ಕ್ವಿಂಟಲಿಗೆ 1,000 ಬಿತ್ತು. ಪೇಟೆಯಲ್ಲಿ ಧಾರಣೆ 700ಕ್ಕೆ ಇಳಿದಿದೆ. ಸಿಟ್ಟಿನಲ್ಲಿ ಒಬ್ಬನು, ‘ಸಾವಿರದ ಮಾಲು ಏಳುನೂರಕ್ಕೆ ಕೊಡಬೇಕೇ? ಹೊಲದಾಗ ಕೊಳೀಲಿ’ ಎನ್ನುತ್ತಾನೆ.

ಲೆಕ್ಕ ಮಾಡಿ ನೋಡಿರಿ. ಕಿತ್ತು ಮಾರಿದರೆ ಬರುವುದು 42,000, ಒಟ್ಟು ಖರ್ಚು 60,000, ನಷ್ಟ 18,000. ಕೀಳದೆ ಬಿಟ್ಟರೆ ನಷ್ಟ 36,000. ಆದ್ದರಿಂದ ಧಾರಣೆ 700 ಇದ್ದಾಗ ನೋವು ನುಂಗಿ ಕೀಳುವುದೇ ಸರಿ. ಆದರೆ ಧಾರಣೆ 350ಕ್ಕೆ ಇಳಿದರೆ? ಬರುವುದು 21,000, ನಷ್ಟ 39,000. ಈಗ ಕೀಳದೆ ಬಿಡುವುದೇ 3,000 ರೂಪಾಯಿ ಮೇಲು. ಎರಡು ಲೆಕ್ಕದಲ್ಲೂ ಮೊದಲು ಹಾಕಿದ 36,000ಕ್ಕೆ ಏನೂ ಕೆಲಸವಿಲ್ಲ ಎಂಬುದನ್ನು ಗಮನಿಸಿರಿ. ಅದು ಕಿತ್ತರೂ ಬಾರದು, ಬಿಟ್ಟರೂ ಬಾರದು. ಇಂದು ನೀವು ತೂಗಬೇಕಾದದ್ದು ಇನ್ನು ಮುಂದೆ ಹೋಗಲಿರುವ 400ನ್ನು ಮತ್ತು ಬರಲಿರುವ ಧಾರಣೆಯನ್ನು ಮಾತ್ರ. ಧಾರಣೆ 400ಕ್ಕಿಂತ ಮೇಲಿದ್ದರೆ ಕೀಳಬೇಕು, ಕೆಳಗಿದ್ದರೆ ಬಿಡಬೇಕು. ಮುಳುಗಿದ ಖರ್ಚು ಎಂದು ಇದಕ್ಕೆ ಹೆಸರು. ಹೇಳುವುದು ಸುಲಭ. 36,000ರಲ್ಲಿ ಸೊಸೆಯ ಬಂಗಾರ ಒತ್ತೆ ಇಟ್ಟು ತಂದ ರೊಕ್ಕವೂ ಇದ್ದರೆ, ಅದನ್ನು ಮರೆತು ಲೆಕ್ಕ ಹಾಕು ಎನ್ನುವುದು ಕಠಿಣವಾದ ಮಾತೇ. ಆದರೂ ಮರೆಯದೆ ಹಾಕಿದ ಲೆಕ್ಕ ಇನ್ನಷ್ಟು ಬಂಗಾರವನ್ನು ಒತ್ತೆಗೆ ಒಯ್ಯುತ್ತದೆ.

ಇದೇ ಲೆಕ್ಕವನ್ನು ಇಡೀ ಹೊಲಕ್ಕಲ್ಲ, ಗಡ್ಡಿಯ ಗಾತ್ರಕ್ಕೂ ಹಾಕಬಹುದು. ದಪ್ಪ ಗಡ್ಡಿಗೆ 700, ಸಣ್ಣದಕ್ಕೆ 250 ಇದ್ದರೆ ಸಣ್ಣದನ್ನು ಚೀಲಕ್ಕೆ ಹಾಕಿ ಬಾಡಿಗೆ ಕೊಟ್ಟು ಒಯ್ಯುವುದೆಂದರೆ ದಪ್ಪ ಗಡ್ಡಿಯ ರೊಕ್ಕದಲ್ಲಿ ಸಣ್ಣ ಗಡ್ಡಿಗೆ ಪ್ರವಾಸ ಮಾಡಿಸಿದಂತೆ. ಹೊಲದಲ್ಲೇ ಬೇರೆ ಮಾಡಿ, ಸಂತೆಯಲ್ಲಿ ಮಾರುವುದು ಅಥವಾ ಬಿಡುವುದು ಮೇಲು.

ಇನ್ನೊಂದು ಗುಪ್ತ ಖರ್ಚು ಕಾಯುವುದರಲ್ಲಿದೆ. ಮುಂಗಾರಿ ಉಳ್ಳಾಗಡ್ಡಿ ಕಟಾವಿಗೆ ಬರುವ ಹೊತ್ತಿಗೇ ಎರೆ ಹೊಲದಲ್ಲಿ ಕಡಲೆ ಬಿತ್ತುವ ಹದ ಇರುತ್ತದೆ. ಧಾರಣೆ ಏರಲಿ ಎಂದು ಎರಡು ವಾರ ಗಡ್ಡಿಯನ್ನು ನೆಲದಲ್ಲೇ ಬಿಟ್ಟವನು ಕಡಲೆಯ ಹದ ಕಳೆದುಕೊಳ್ಳುತ್ತಾನೆ. ಕಾದದ್ದರ ನಿಜವಾದ ಖರ್ಚು ಆ ಕಡಲೆಯ ಬೆಳೆ. ಬಿಡುವುದೇ ಎಂದು ನಿಶ್ಚಯವಾದರೆ ಬೇಗ ಬಿಡಿರಿ. ಕುರಿ ಮೇಯಿಸಿ, ಗೊಬ್ಬರವಾದರೂ ಬೀಳಲಿ, ಹೊಲ ಹರಗಿ ಕಡಲೆಗೆ ಕೈ ಹಾಕಿರಿ.

ಧಾರಣೆ ಹೀಗೇಕೆ ಕುಣಿಯುತ್ತದೆ?

ದಲಾಲರು ಸೇರಿ ಧಾರಣೆ ಇಳಿಸುತ್ತಾರೆ ಎಂಬ ಮಾತು ಪ್ರತಿ ಪೇಟೆಯಲ್ಲೂ ಕೇಳುತ್ತದೆ. ಕೆಲವೊಮ್ಮೆ ನಿಜವೂ ಇರಬಹುದು. ಆದರೆ ದಲಾಲರೆಲ್ಲ ದೇವರಂಥವರಾದರೂ ಉಳ್ಳಾಗಡ್ಡಿಯ ಧಾರಣೆ ಕುಣಿಯುತ್ತಲೇ ಇರುತ್ತದೆ. ಕಾರಣ ಅಡಿಗೆಮನೆಯಲ್ಲಿದೆ. ಕಿಲೋಗೆ ಇಪ್ಪತ್ತು ರೂಪಾಯಿ ಆದಾಗ ಮನೆಯಾಕೆ ವಾರಕ್ಕೆ ಎರಡು ಕಿಲೋ ಒಯ್ಯುತ್ತಾಳೆ. ಹತ್ತಕ್ಕೆ ಇಳಿದರೆ ನಾಲ್ಕು ಕಿಲೋ ಒಯ್ಯುವಳೇ? ಇಲ್ಲ, ರೊಟ್ಟಿಯ ಜೊತೆ ಗುದ್ದಿ ತಿನ್ನುವ ಗಡ್ಡಿಗೂ ಒಂದು ಮಿತಿ ಇದೆ. ಅರವತ್ತಕ್ಕೆ ಏರಿದರೂ ಒಂದೂವರೆ ಕಿಲೋ ಆದರೂ ಒಯ್ಯಲೇಬೇಕು. ಬೆಲೆ ಎಷ್ಟೇ ಬದಲಾದರೂ ಕೊಳ್ಳುವ ಪ್ರಮಾಣ ಹೆಚ್ಚು ಬದಲಾಗದ ಮಾಲಿಗೆ, ಪೂರೈಕೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಧಾರಣೆ ಹಾರುತ್ತದೆ ಅಥವಾ ಬೀಳುತ್ತದೆ.

ಇದು ಹೊಸ ಶೋಧವಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡೇವನಾಂಟ್ 1699ರಲ್ಲಿ ಪ್ರಕಟಿಸಿದ, ಗ್ರೆಗರಿ ಕಿಂಗ್ ಎಂಬಾತನ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕ ಒಂದಿದೆ. ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತಕ್ಕೆ ಮೂರರಷ್ಟು ಏರುತ್ತದೆ. ಎರಡು ಪಾಲು ಕಡಿಮೆಯಾದರೆ ಎಂಟರಷ್ಟು. ಮೂರು ಪಾಲು ಕಡಿಮೆಯಾದರೆ ಹದಿನಾರರಷ್ಟು. ತಿರುವಿ ಓದಿದರೆ ನಮ್ಮ ಕಥೆ: ಬೆಳೆ ಸ್ವಲ್ಪ ಹೆಚ್ಚಾದರೆ ಧಾರಣೆ ಬಹಳ ಕುಸಿಯುತ್ತದೆ. ಒಬ್ಬನ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದರೆ ಅವನಿಗೆ ಲಾಭ; ಎಲ್ಲರ ಹೊಲದಲ್ಲೂ ಚೆನ್ನಾಗಿ ಬಂದರೆ ಎಲ್ಲರಿಗೂ ನಷ್ಟ. ಸುಕಾಲದಲ್ಲಿ ರೈತ ಅಳುವುದು ಪೇಟೆಯವರಿಗೆ ಅರ್ಥವಾಗದಿರುವುದು ಇದರಿಂದಲೇ.

ಬೆಲೆಯನ್ನು ಪೂರೈಕೆ ನಿರ್ಧರಿಸುತ್ತದೋ ಬೇಡಿಕೆಯೋ ಎಂದು ಕೇಳುವುದು, ಕತ್ತರಿಯಲ್ಲಿ ಬಟ್ಟೆ ಕತ್ತರಿಸಿದ್ದು ಮೇಲಿನ ಅಲಗೋ ಕೆಳಗಿನದೋ ಎಂದು ಕೇಳಿದಂತೆ ಎಂಬರ್ಥದ ಮಾತನ್ನು ಆಲ್ಫ್ರೆಡ್ ಮಾರ್ಷಲ್ ಎಂಬ ಪಂಡಿತರು 1890ರ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಬೇಡಿಕೆಯ ಅಲಗು ದೂರದಿಂದಲೂ ಬೀಳಬಹುದು. 2023ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತಿಗೆ ಪ್ರತಿಶತ 40 ಸುಂಕ ಹಾಕಿತು. ಡಿಸೆಂಬರ್ 8ರಿಂದ ರಫ್ತನ್ನೇ ನಿಲ್ಲಿಸಿತು. 2024ರ ಮೇ 4ರಂದು ನಿಷೇಧ ತೆಗೆದರೂ ಸುಂಕ ಉಳಿಯಿತು. ಅದು ಸೆಪ್ಟೆಂಬರಿನಲ್ಲಿ ಪ್ರತಿಶತ 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ಪೂರ್ತಿ ಹೋಯಿತು. ಬಾಂಗ್ಲಾದೇಶ, ಶ್ರೀಲಂಕೆ, ಮಲೇಶಿಯಾಗಳಿಗೆ ಹೋಗಬೇಕಾದ ಮಾಲು ಒಳಗೇ ಉಳಿದರೆ ಬಾಗಲಕೋಟೆಯ ರೈತನ ಚೀಲದ ಧಾರಣೆಯೂ ಇಳಿಯುತ್ತದೆ, ಅವನ ಚೀಲ ಎಂದೂ ಹಡಗು ಹತ್ತದಿದ್ದರೂ. 1998ರಲ್ಲಿ ಗಡ್ಡಿಯ ಬೆಲೆ ಏರಿ ದಿಲ್ಲಿಯ ರಾಜ್ಯ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು. ಅಲ್ಲಿಂದ ಇಲ್ಲಿಯವರೆಗೆ ಯಾವ ಸರಕಾರವಿದ್ದರೂ ಬೆಲೆ ಏರಿದಾಗ ಓಡಿ ಬರುವಷ್ಟು ವೇಗವಾಗಿ ಬೆಲೆ ಇಳಿದಾಗ ಬಂದದ್ದನ್ನು ನಾನು ಕಂಡಿಲ್ಲ. ಉಳ್ಳಾಗಡ್ಡಿಗೆ ಜೋಳದಂತೆ ಬೆಂಬಲ ಬೆಲೆಯೂ ಇಲ್ಲ.

ಇದಕ್ಕೆ ನಮ್ಮದೇ ಕಾಣಿಕೆ ಒಂದುಂಟು. ಹೋದ ವರ್ಷ ಧಾರಣೆ ಏರಿದ್ದರೆ ಈ ವರ್ಷ ಊರೆಲ್ಲ ಉಳ್ಳಾಗಡ್ಡಿ ಬಿತ್ತುತ್ತದೆ, ಧಾರಣೆ ಬೀಳುತ್ತದೆ. ಮುಂದಿನ ವರ್ಷ ಯಾರೂ ಬಿತ್ತುವುದಿಲ್ಲ; ಧಾರಣೆ ಏರುತ್ತದೆ. ಅಮೆರಿಕೆಯ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞ ಮೊರ್ಡೆಕೈ ಎಜೆಕಿಯಲ್ 1938ರಲ್ಲಿ ಇದನ್ನು ‘ಜೇಡರ ಬಲೆ’ ಎಂದು ವಿವರಿಸಿದರು. ಕಾಗದದ ಮೇಲೆ ಬೆಲೆ ಮತ್ತು ಬೆಳೆಯ ಗೆರೆಗಳನ್ನು ಎಳೆದರೆ ಜೇಡನ ಬಲೆಯಂತೆ ಸುತ್ತು ಸುತ್ತಾಗಿ ಕಾಣುತ್ತದೆ. ಬಿತ್ತುವ ನಿರ್ಧಾರ ಹಳೆಯ ಧಾರಣೆ ನೋಡಿ ಮಾಡುವುದು, ಮಾರುವುದು ಹೊಸ ಧಾರಣೆಗೆ: ಬಲೆಗೆ ಬೀಳುವುದು ಇಲ್ಲಿ.

ಬಲೆಯಿಂದ ಪೂರ್ತಿ ತಪ್ಪಿಸಿಕೊಳ್ಳುವ ಮಂತ್ರ ಯಾರ ಬಳಿಯೂ ಇಲ್ಲ. ಆದರೆ ಬಿತ್ತುವ ಮೊದಲೇ ಸುಳಿವು ಸಿಗುವ ಸ್ಥಳ ಒಂದಿದೆ: ಬೀಜದ ಅಂಗಡಿ. ಉಳ್ಳಾಗಡ್ಡಿ ಬೀಜಕ್ಕೆ ಪಾಳಿ ಹಚ್ಚಿದ್ದರೆ, ಬೀಜದ ಬೆಲೆ ಏರಿದ್ದರೆ, ಸುತ್ತಲಿನ ಊರುಗಳು ಏನು ಬಿತ್ತಲಿವೆ ಎಂದು ಅಂಗಡಿಯೇ ಹೇಳಿದಂತಾಯಿತು. ಆ ವರ್ಷ ಅರ್ಧ ಹೊಲಕ್ಕಾದರೂ ತೊಗರಿಯೋ ಸೂರ್ಯಕಾಂತಿಯೋ ಬರಲಿ. ನಾಸಿಕದ ಕಡೆ ಬೇಸಿಗೆಯ ಗಡ್ಡಿ ಎಷ್ಟು ದಾಸ್ತಾನಿದೆ ಎಂಬ ಸುದ್ದಿಯನ್ನೂ ವಿಚಾರಿಸಿರಿ. ನಮ್ಮ ಮುಂಗಾರಿ ಗಡ್ಡಿ ಪೇಟೆಗೆ ಬರುವ ಹೊತ್ತಿಗೆ ಅಲ್ಲಿಯ ದಾಸ್ತಾನು ತೀರುತ್ತ ಬಂದಿದ್ದರೆ ನಮಗೆ ಒಳ್ಳೆಯ ಧಾರಣೆ. ತೀರದೆ ಉಳಿದಿದ್ದರೆ ಎರಡೂ ಮಾಲು ಒಂದೇ ಬಾಗಿಲಲ್ಲಿ ನುಗ್ಗುತ್ತವೆ.

ಮೂರನೆಯ ಚೀಲ

ಗೊಬ್ಬರದ ವಿಷಯ ಚಿಕ್ಕದಾಗಿ. ನೀರಾವರಿ ಗೋವಿನಜೋಳಕ್ಕೆ ಹಾಕಿದ ಮೊದಲ ಚೀಲ ಯೂರಿಯಾ ಮೂರು ಕ್ವಿಂಟಲ್ ಹೆಚ್ಚು ಬೆಳೆ ತಂದರೆ ಎರಡನೆಯದು ಒಂದೂವರೆ ತರುತ್ತದೆ, ಮೂರನೆಯದು ಹತ್ತಿಪ್ಪತ್ತು ಕಿಲೋ. 45 ಕಿಲೋದ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತದೆಂದು ಮೂರನೆಯದನ್ನೂ ಸುರಿಯುವವರಿದ್ದಾರೆ. ಒಯ್ಯುವ, ಚೆಲ್ಲುವ ಕೂಲಿ, ಹೆಚ್ಚುವ ಕೀಟದ ಕಾಟ ಸೇರಿಸಿದರೆ ಆ ಚೀಲ ತಂದದ್ದಕ್ಕಿಂತ ತಿಂದದ್ದೇ ಹೆಚ್ಚು. ‘ಒಟ್ಟು ಬೆಳೆ ಹೆಚ್ಚಾಯಿತೇ?’ ಎಂದು ಕೇಳಬೇಡಿರಿ. ‘ಈ ಕೊನೆಯ ಚೀಲ ತನ್ನ ಖರ್ಚು ತಾನು ಹೊತ್ತಿತೇ?’ ಎಂದು ಕೇಳಿರಿ. ಕೊನೆಯ ನೀರು, ಕೊನೆಯ ಸಿಂಪರಣೆಗಳಿಗೂ ಇದೇ ಪ್ರಶ್ನೆ.

ಇಟ್ಟು ಮಾರುವ ಲೆಕ್ಕ

ಮುಂಗಾರಿ ಉಳ್ಳಾಗಡ್ಡಿ ಬಹಳ ದಿನ ನಿಲ್ಲದು. ಕಡಲೆ, ಜೋಳ ನಿಲ್ಲುತ್ತವೆ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಧಾರಣೆ ಕಡಿಮೆ, ನಾಲ್ಕು ತಿಂಗಳ ನಂತರ ಹೆಚ್ಚು ಎಂಬುದು ಸಾಮಾನ್ಯ ಅನುಭವ. ಹಾಗಾದರೆ ಎಲ್ಲರೂ ಇಟ್ಟೇ ಮಾರಬೇಕಲ್ಲವೇ?

ಹತ್ತು ಕ್ವಿಂಟಲ್ ಕಡಲೆ ಇದೆ. ಇಂದು ಮಾರಿದರೆ ಕ್ವಿಂಟಲಿಗೆ 5,000, ಒಟ್ಟು 50,000. ನಾಲ್ಕು ತಿಂಗಳು ಬಿಟ್ಟರೆ 5,500 ಆಗಬಹುದು. 5,000 ರೂಪಾಯಿ ಹೆಚ್ಚು. ಈಗ ಕಳೆಯಿರಿ. ಒಣಗಿ, ಹುಳ ಬಿದ್ದು ನೂರಕ್ಕೆ ಎರಡರಷ್ಟು ತೂಕ ಹೋದರೆ 1,100. ಜಾಗ, ಚೀಲ, ಹಮಾಲಿ 600. ಇಂದು ಮಾರಿದ್ದರೆ ಆ 50,000ದಿಂದ ಸಾಲ ತೀರಿಸಬಹುದಿತ್ತು. ಮಾರದಿದ್ದುದರಿಂದ ಸಾಲ ಉಳಿಯಿತು. ಆ ಸಾಲ ಸಾವುಕಾರನದಾಗಿ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿಯಾದರೆ ನಾಲ್ಕು ತಿಂಗಳಿಗೆ 4,000. ಒಟ್ಟು ಕಳೆದದ್ದು 5,700. ಕಾದದ್ದಕ್ಕೆ ಸಿಕ್ಕಿದ್ದು 700 ರೂಪಾಯಿ ನಷ್ಟ.

ಸಾಲ ವರ್ಷಕ್ಕೆ ಪ್ರತಿಶತ 7ರ ಬ್ಯಾಂಕಿನದಾಗಿದ್ದರೆ ನಾಲ್ಕು ತಿಂಗಳಿಗೆ ಬಡ್ಡಿ 1,167 ಮಾತ್ರ. ಒಟ್ಟು ಕಳೆದದ್ದು 2,867. ಉಳಿದದ್ದು 2,133 ರೂಪಾಯಿ. ಅದೇ ಕಡಲೆ, ಅದೇ ಧಾರಣೆ, ಅದೇ ನಾಲ್ಕು ತಿಂಗಳು. ಒಬ್ಬನಿಗೆ ಕಾಯುವುದು ಲಾಭ, ಒಬ್ಬನಿಗೆ ನಷ್ಟ. ಸುಗ್ಗಿಯಲ್ಲಿ ಬಡವನು ಮಾರುತ್ತಾನೆ, ಸ್ಥಿತಿವಂತನು ಇಡುತ್ತಾನೆ ಎಂದರೆ ಬಡವನಿಗೆ ಬುದ್ಧಿ ಕಡಿಮೆ ಎಂದಲ್ಲ. ಅವನ ಬಡ್ಡಿ ಹೆಚ್ಚು. ಅವನು ಮಾರಿದ್ದೇ ಸರಿಯಾದ ಲೆಕ್ಕ.

ಈ ಬಡ್ಡಿಯ ಗಂಟನ್ನು ಬಿಚ್ಚಲು ಹೊರಟ ಮೊದಲಿಗರು ನಮ್ಮ ನೆರೆಯವರೇ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದು. ಇಂದು ಬೆಳೆಸಾಲ ಕೊಡುವ ಸಂಘಗಳು ಹೋಬಳಿ ಹೋಬಳಿಗೂ ಇವೆ. ಸುಗ್ಗಿಯಲ್ಲಿ ಮಾಲನ್ನು ಮಾರದೆ ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಸಾಲ ಪಡೆಯುವ ಏರ್ಪಾಡೂ ಇದೆ. ಉಗ್ರಾಣದ ರಸೀದಿಗೆ ಕಾನೂನಿನ ಬೆಲೆ ಕೊಡುವ ಕಾಯಿದೆ 2007ರಲ್ಲೇ ಬಂದಿದೆ. ರಸೀದಿ ಸಾಲಕ್ಕೆ ಹೋಗುವವರು ಮೂರು ಮಾತು ಮೊದಲೇ ಕೇಳಿಕೊಳ್ಳಬೇಕು: ಉಗ್ರಾಣ ನೋಂದಾಯಿತವೇ, ಬಾಡಿಗೆ ತಿಂಗಳಿಗೆ ಚೀಲಕ್ಕೆ ಎಷ್ಟು, ಮಾಲಿನ ಬೆಲೆಯಲ್ಲಿ ನೂರಕ್ಕೆ ಎಷ್ಟು ಸಾಲ ಸಿಗುತ್ತದೆ. ಸಾಲ ಮಾಲಿನ ಪೂರ್ತಿ ಬೆಲೆಗೆ ಸಿಗುವುದಿಲ್ಲವಾದ್ದರಿಂದ, ಸಾವುಕಾರನ ಬಾಕಿ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು ಚೀಲ ಸುಗ್ಗಿಯಲ್ಲೇ ಮಾರಿ ಉಳಿದದ್ದನ್ನು ಮಾತ್ರ ಉಗ್ರಾಣಕ್ಕೆ ಒಯ್ಯಿರಿ.